ನ್ಯಾಷನಲ್ ಸ್ಪಿರಿಚ್ಯುವಲಿಸ್ಟ್ ಅಸೋಸಿಯೇಷನ್ ಆಫ್ ಚರ್ಚಸ್

ಮನುಷ್ಯ ಸತ್ತ ಮೇಲೂ ಅವನ ಆತ್ಮ ತನ್ನ ಗುರುತನ್ನು ಕಳೆದುಕೊಳ್ಳದೆ ಉಳಿದಿರುತ್ತದೆ, ಮೀಡಿಯಂ ಎನಿಸಿಕೊಂಡವರ ಮೂಲಕ ಬದುಕಿರುವವರೊಡನೆ ಮಾತನಾಡುತ್ತದೆ ಎಂದು ನಂಬುವ ಅಮೆರಿಕದ ಸ್ಪಿರಿಚ್ಯುವಲಿಸ್ಟ್ ಸಭೆಗಳ ರಾಷ್ಟ್ರೀಯ ಒಕ್ಕೂಟ ಇದು. 1893ರ ಸೆಪ್ಟೆಂಬರಿನಲ್ಲಿ ಶಿಕಾಗೋ ನಗರದಲ್ಲಿ ಸ್ಥಾಪನೆಯಾಯಿತು. ಈಗಿನ ಕೇಂದ್ರ ಕಚೇರಿ ನ್ಯೂಯಾರ್ಕ್ ರಾಜ್ಯದ ಲಿಲಿ ಡೇಲ್ ಎಂಬ ಪುಟ್ಟ ಊರಿನಲ್ಲಿದೆ. ನಮ್ಮ ಕಡೆ ಈ ಬಗೆಯ ವಿಷಯ ಪ್ಲಾಂಚೆಟ್ ಹೆಸರಿನಲ್ಲಿ ಹಾಸ್ಟೆಲಿನ ರಾತ್ರಿಯಾಟವಾಗಿಯೋ ಪತ್ತೇದಾರಿ ಕಾದಂಬರಿಯ ಸರಕಾಗಿಯೋ ಬಂದುಹೋಗಿದೆಯೇ ಹೊರತು ಅದಕ್ಕೊಂದು ಚರ್ಚು, ಪಾದ್ರಿ, ಭಾನುವಾರದ ಪ್ರಾರ್ಥನೆ ಇರಬಹುದೆಂದು ಹೆಚ್ಚಿನವರು ಊಹಿಸಿರಲಾರರು. ಯಾವ ಗುರುವಿನ, ಯಾವ ಗ್ರಂಥದ ಹಂಗೂ ಬೇಡ, ಪರಲೋಕದ ಸುದ್ದಿಯನ್ನು ಅಲ್ಲಿರುವವರಿಂದಲೇ ಕೇಳಿ ತಿಳಿಯೋಣ ಎಂದು ಹೊರಟ ಜನಕ್ಕೆ ಅಧ್ಯಕ್ಷರು, ಖಜಾಂಚಿ, ಬೈಲಾ, ಪರವಾನಗಿ ಪತ್ರ ಇವೆಲ್ಲ ಯಾಕೆ ಬೇಕಾದವು? ಸಂಸ್ಥೆಯ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಪಂಥದ ಹುಟ್ಟನ್ನು ಅನುಯಾಯಿಗಳು 1848ರ ಮಾರ್ಚ್ 31ರ ರಾತ್ರಿಗೆ ಕಟ್ಟುತ್ತಾರೆ. ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಬಾಡಿಗೆ ಮನೆಯೊಂದರಲ್ಲಿ ಜಾನ್ ಫಾಕ್ಸ್ ಎಂಬಾತನ ಕುಟುಂಬ ಇತ್ತು. ಕೆಲವು ದಿನಗಳಿಂದ ಗೋಡೆ, ನೆಲಗಳಲ್ಲಿ ಟಕಟಕ ಸದ್ದು ಕೇಳುತ್ತಿತ್ತು. ಆ ರಾತ್ರಿ ಕಿರಿಯ ಮಗಳು ಕೇಟ್ ಬೆರಳಿನಿಂದ ಚಿಟಿಕೆ ಹೊಡೆದು, ನಾನು ಮಾಡಿದ ಹಾಗೆ ಮಾಡು ನೋಡೋಣ ಎಂದಳು. ಅಷ್ಟೇ ಸಲ ಟಕಟಕ ಕೇಳಿಸಿತು. ತಾಯಿ ತನ್ನ ಮಕ್ಕಳ ವಯಸ್ಸು ಕೇಳಿದಳು. ಸದ್ದು ಲೆಕ್ಕ ತಪ್ಪದೆ ಹೇಳಿತು. ನೆರೆಹೊರೆಯವರು ಬಂದು ಸೇರಿದರು, ಪ್ರಶ್ನೆಗಳು ಬೆಳೆದವು. ಆ ಮನೆಯಲ್ಲಿ ಹಿಂದೆ ಕೊಲೆಯಾಗಿ ನೆಲಮಾಳಿಗೆಯಲ್ಲಿ ಹೂಳಲ್ಪಟ್ಟ ತಿರುಗು ವ್ಯಾಪಾರಿಯೊಬ್ಬನ ಆತ್ಮ ಇದು ಎಂಬಲ್ಲಿಗೆ ಕಥೆ ಮುಟ್ಟಿತು. ಕೇಟ್ ಮತ್ತು ಅವಳ ಅಕ್ಕ ಮ್ಯಾಗಿ ಇಬ್ಬರೂ ಮುಂದೆ ರಾಚೆಸ್ಟರ್ ನಗರದಲ್ಲಿದ್ದ ಹಿರಿಯಕ್ಕ ಲೀ ಬಳಿ ಸೇರಿದರು. ಸದ್ದು ಅವರ ಜೊತೆಗೇ ಹೋಯಿತು. 1849ರ ನವೆಂಬರ್ 14ರಂದು ಅಲ್ಲಿನ ಕೊರಿಂಥಿಯನ್ ಹಾಲ್‌ನಲ್ಲಿ ಟಿಕೆಟ್ ಇಟ್ಟು ಪ್ರದರ್ಶನ ನಡೆಯಿತು. ಪಂಥದ ಮೊದಲ ಸಾರ್ವಜನಿಕ ಸಭೆ ಅದು, ಮೊದಲ ಟಿಕೆಟ್ ವಸೂಲಿಯೂ ಅದೇ. ಶ್ರದ್ಧೆ ಮತ್ತು ರೊಕ್ಕ ಅಲ್ಲಿಂದ ಮುಂದೆ ಒಂದನ್ನೊಂದು ಬಿಟ್ಟಿರಲಿಲ್ಲ.

ಇಷ್ಟಾಗಿಯೂ ಇದನ್ನು ಬರಿಯ ಪ್ರದರ್ಶನವೆಂದು ತಳ್ಳಿಹಾಕಿದರೆ ಆ ಕಾಲ ಅರ್ಥವಾಗುವುದಿಲ್ಲ. ಮಕ್ಕಳು ಐದು ವರ್ಷ ಮುಟ್ಟುವ ಮೊದಲೇ ಸಾಯುತ್ತಿದ್ದುದು ಸಾಮಾನ್ಯವಾಗಿದ್ದ ಕಾಲ ಅದು. ದೀಕ್ಷಾಸ್ನಾನವಾಗದ ಕೂಸು ನರಕಕ್ಕೆ ಹೋದೀತೇನೋ ಎಂಬ ಅಂಜಿಕೆಯನ್ನು ಕಟ್ಟುನಿಟ್ಟಿನ ಪಾದ್ರಿಗಳು ಜೀವಂತ ಇಟ್ಟಿದ್ದರು. ಸತ್ತ ಮಗು ಬೆಳಕಿನ ನಾಡಿನಲ್ಲಿ ಬೆಳೆಯುತ್ತಿದೆ, ನಿನ್ನನ್ನು ಮರೆತಿಲ್ಲ ಎಂಬ ಒಂದು ಮಾತಿಗಾಗಿ ತಾಯಂದಿರು ಮೀಡಿಯಂಗಳ ಮನೆಬಾಗಿಲಿಗೆ ಬಂದರು. 1861ರಿಂದ 1865ರವರೆಗಿನ ಅಂತರ್ಯುದ್ಧ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೆ ಆ ಸಾಲು ಇನ್ನೂ ಉದ್ದವಾಯಿತು. ಪಂಥಕ್ಕೆ ತತ್ತ್ವದ ಬುನಾದಿ ಒದಗಿಸಿದವನು 'ಪೊಕೀಪ್ಸಿಯ ದ್ರಷ್ಟಾರ' ಎಂದು ಹೆಸರಾದ ಆಂಡ್ರೂ ಜಾಕ್ಸನ್ ಡೇವಿಸ್. ಹೈಡ್ಸ್‌ವಿಲ್‌ನ ಸದ್ದಿಗೆ ಒಂದು ವರ್ಷ ಮುಂಚೆಯೇ, 1847ರಲ್ಲಿ, ಆತ ಅರೆಪ್ರಜ್ಞೆಯಲ್ಲಿ ಹೇಳಿ ಬರೆಸಿದ ದೊಡ್ಡ ಗ್ರಂಥ ಅಚ್ಚಾಗಿತ್ತು. ಆತ್ಮ ಸತ್ತ ಮೇಲೆ 'ಸಮ್ಮರ್‌ಲ್ಯಾಂಡ್' ಎಂಬ ಲೋಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ ಎಂಬುದು ಅವನ ಕಲ್ಪನೆ. ನರಕವೆಂಬ ಕೊನೆಯಿಲ್ಲದ ಶಿಕ್ಷೆಗೆ ಅಲ್ಲಿ ಜಾಗವಿರಲಿಲ್ಲ.

ಈ ಮೊದಲ ತಲೆಮಾರಿನವರಲ್ಲಿ ಸುಧಾರಕರ ಸಂಖ್ಯೆ ದೊಡ್ಡದು. ಫಾಕ್ಸ್ ಸೋದರಿಯರಿಗೆ ರಾಚೆಸ್ಟರಿನಲ್ಲಿ ಆಸರೆಯಾದ ಐಸಾಕ್ ಮತ್ತು ಏಮಿ ಪೋಸ್ಟ್ ದಂಪತಿ ಕ್ವೇಕರ್ ಹಿನ್ನೆಲೆಯವರು. ಓಡಿ ಬಂದ ಗುಲಾಮರನ್ನು ಮನೆಯಲ್ಲಿ ಬಚ್ಚಿಟ್ಟು ಕೆನಡಾಕ್ಕೆ ದಾಟಿಸುತ್ತಿದ್ದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಆಪ್ತ. ಹೆಂಗಸರು ಸಭೆಯಲ್ಲಿ ಬಾಯಿ ತೆರೆಯುವುದೇ ಅನುಚಿತ ಎನ್ನುತ್ತಿದ್ದ ಕಾಲದಲ್ಲಿ ಮೀಡಿಯಂ ಆದವಳು ಸಾವಿರ ಜನರೆದುರು ನಿಂತು ಗಂಟೆಗಟ್ಟಲೆ ಮಾತನಾಡಬಹುದಾಗಿತ್ತು. ಮಾತು ತನ್ನದಲ್ಲ, ಆತ್ಮದ್ದು ಎಂಬ ರಕ್ಷೆ ಅವಳಿಗಿತ್ತು. ಹೀಗೆ ಹದಿಹರೆಯದಲ್ಲೇ ವೇದಿಕೆ ಏರಿದ ಕೋರಾ ಸ್ಕಾಟ್ ಎಂಬ ಹುಡುಗಿ ಮುಂದೆ ಕೋರಾ ರಿಚ್ಮಂಡ್ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಒಬ್ಬಳಾದಳು.

ಸಂಘ ಕಟ್ಟುವ ಪ್ರಯತ್ನ ಅದಕ್ಕೆ ಮೊದಲೂ ನಡೆದು ನೆಲಕಚ್ಚಿತ್ತು. 1864ರಲ್ಲಿ ಶಿಕಾಗೋದಲ್ಲೇ ಸೇರಿದ ರಾಷ್ಟ್ರೀಯ ಸಮ್ಮೇಳನದಿಂದ ಹುಟ್ಟಿದ ಸಂಸ್ಥೆ ಕೆಲವು ವರ್ಷ ಕುಂಟುತ್ತ ಸಾಗಿತು. 1871ರಲ್ಲಿ ವಿಕ್ಟೋರಿಯಾ ವುಡ್‌ಹಲ್ ಅದರ ಅಧ್ಯಕ್ಷೆಯಾದಳು. ಮರುವರ್ಷ ಅಮೆರಿಕದ ರಾಷ್ಟ್ರಾಧ್ಯಕ್ಷ ಪದವಿಗೂ ಅಭ್ಯರ್ಥಿಯಾಗಿ ನಿಂತ ಹೆಂಗಸು ಇವಳೇ. ಮದುವೆಯ ಕಟ್ಟುಪಾಡಿಲ್ಲದ ಮುಕ್ತ ಪ್ರೇಮದ ಪರವಾಗಿ ಅವಳು ಬಹಿರಂಗವಾಗಿ ಮಾತನಾಡತೊಡಗಿದ ಮೇಲೆ ಮರ್ಯಾದಸ್ಥ ಕುಟುಂಬಗಳವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. 1870ರ ದಶಕದ ನಡುವಿಗೆ ಆ ಸಂಸ್ಥೆಯ ಕಥೆ ಮುಗಿದಿತ್ತು. ಮುಂದಿನ ಸುಮಾರು ಎರಡು ದಶಕ ಪಂಥವನ್ನು ಉಳಿಸಿದವು ಬೇಸಿಗೆ ಶಿಬಿರಗಳು ಮತ್ತು ವಾರಪತ್ರಿಕೆಗಳು. ಮ್ಯಾಸಚೂಸೆಟ್ಸ್‌ನ ಲೇಕ್ ಪ್ಲೆಸೆಂಟ್, 1879ರಲ್ಲಿ ಆರಂಭವಾದ ಲಿಲಿ ಡೇಲ್ ಇಂಥವು. ಕೆರೆಯ ದಂಡೆ, ಡೇರೆ, ಉಪನ್ಯಾಸ, ಬ್ಯಾಂಡು, ನಡುನಡುವೆ ಪರಲೋಕದ ಸಂದೇಶ: ಜಾತ್ರೆಯ ಗದ್ದಲವೂ ಮಠದ ಗಾಂಭೀರ್ಯವೂ ಅಲ್ಲಿ ಒಟ್ಟಿಗಿದ್ದವು.

ಆ ಎರಡು ದಶಕಗಳಲ್ಲಿ ಮೋಸವೂ ಮಿತಿ ಮೀರಿ ಬೆಳೆಯಿತು. ಕತ್ತಲೆ ಕೋಣೆಯಲ್ಲಿ ತೆಳುಬಟ್ಟೆ ಹೊದ್ದು ಓಡಾಡುವ 'ಆತ್ಮ'ಗಳು, ಸೀಲು ಮಾಡಿದ ಸ್ಲೇಟಿನೊಳಗೆ ತಾನಾಗಿ ಮೂಡುವ ಬರವಣಿಗೆ, ಗಾಳಿಯಲ್ಲಿ ತೇಲುವ ತುತ್ತೂರಿ ಇವೆಲ್ಲ ಕೈಚಳಕವೆಂದು ಮತ್ತೆ ಮತ್ತೆ ಬಯಲಾದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ನೇಮಿಸಿದ ಸೇಬರ್ಟ್ ಆಯೋಗ 1887ರಲ್ಲಿ ಪ್ರಕಟಿಸಿದ ವರದಿ, ತಾನು ಕಂಡ ಮೀಡಿಯಂಗಳಲ್ಲಿ ನಿಜವಾದ ಪರಲೋಕ ಸಂಪರ್ಕದ ಯಾವ ಕುರುಹೂ ಸಿಗಲಿಲ್ಲ ಎಂದಿತು. ದೊಡ್ಡ ಪೆಟ್ಟು ಬಿದ್ದದ್ದು 1888ರ ಅಕ್ಟೋಬರ್ 21ರಂದು. ನ್ಯೂಯಾರ್ಕಿನ ಅಕಾಡೆಮಿ ಆಫ್ ಮ್ಯೂಸಿಕ್ ರಂಗಮಂದಿರದ ವೇದಿಕೆಗೆ ಬಂದ ಮ್ಯಾಗಿ ಫಾಕ್ಸ್, ನಲವತ್ತು ವರ್ಷದ ಹಿಂದಿನ ಆ ಸದ್ದು ತಮ್ಮ ಕಾಲ್ಬೆರಳಿನ ಕೀಲುಗಳಿಂದ ಬಂದದ್ದು ಎಂದು ಹೇಳಿ, ಚಪ್ಪಲಿ ಕಳಚಿ ಮಾಡಿಯೂ ತೋರಿಸಿದಳು. ಕೇಟ್ ಪ್ರೇಕ್ಷಕರ ನಡುವೆ ಕುಳಿತಿದ್ದಳು. ಮರುವರ್ಷ ಮ್ಯಾಗಿ ಆ ಹೇಳಿಕೆಯನ್ನು ಹಿಂತೆಗೆದುಕೊಂಡಳು. ಹಣದ ಅಡಚಣೆ, ಕುಡಿತ, ಅಕ್ಕ ಲೀ ಮೇಲಿನ ಸಿಟ್ಟು ಇವು ಅವಳನ್ನು ಎತ್ತ ಎಳೆದವೆಂಬುದರ ಮೇಲೆ ಎರಡೂ ಪಕ್ಷಗಳು ತಮಗೆ ಬೇಕಾದಂತೆ ವಾದ ಕಟ್ಟಿವೆ. ತಾನೇ ವೇದಿಕೆಯಲ್ಲಿ ಮಾಡಿ ತೋರಿಸಿದ್ದು ಹಿಂತೆಗೆದುಕೊಂಡ ಮಾತಿಗಿಂತ ತೂಕದ ಸಾಕ್ಷ್ಯ ಎಂದೇ ಹೊರಗಿನವರು ಎಣಿಸಿಯಾರು. ಕೇಟ್ 1892ರಲ್ಲಿ ತೀರಿಕೊಂಡಳು, ಮ್ಯಾಗಿ 1893ರ ಮಾರ್ಚಿನಲ್ಲಿ. ಬಡತನದಲ್ಲೇ ಇಬ್ಬರ ಬದುಕೂ ಮುಗಿಯಿತು. ಮ್ಯಾಗಿ ಸತ್ತು ಆರು ತಿಂಗಳು ಕಳೆದಿತ್ತಷ್ಟೇ, ರಾಷ್ಟ್ರೀಯ ಸಂಘ ಹುಟ್ಟಿತು.

ಹುಟ್ಟಿದ ಗಳಿಗೆಯೂ ಗಮನಾರ್ಹ. ಶಿಕಾಗೋದಲ್ಲಿ ಆಗ ಕೊಲಂಬಸ್ ನೆನಪಿನ ವಿಶ್ವಮೇಳ ನಡೆದಿತ್ತು. ಅದರ ಭಾಗವಾಗಿ ಸೇರಿದ್ದ ವಿಶ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ್ದು ಕನ್ನಡಿಗರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಆ ಸಮ್ಮೇಳನ ಮುಕ್ತಾಯವಾದದ್ದು ಸೆಪ್ಟೆಂಬರ್ 27ರಂದು. ಅದೇ ಊರಿನಲ್ಲಿ ಅದೇ ದಿನ ಸ್ಪಿರಿಚ್ಯುವಲಿಸ್ಟರ ಮೂರು ದಿನಗಳ ಅಧಿವೇಶನ ಶುರುವಾಯಿತು. ಯುನಿಟೇರಿಯನ್ ಪಾದ್ರಿಯಾಗಿದ್ದ ಹ್ಯಾರಿಸನ್ ಬ್ಯಾರೆಟ್ ಮೊದಲ ಅಧ್ಯಕ್ಷರಾದರು. ಕೋರಾ ರಿಚ್ಮಂಡ್, ಜೇಮ್ಸ್ ಪೀಬಲ್ಸ್ ಮೊದಲಾದವರು ಮುಂದಾಳುಗಳ ಸಾಲಿನಲ್ಲಿದ್ದರು. ಪೀಬಲ್ಸ್ ಭಾರತ, ಸಿಂಹಳಗಳನ್ನೆಲ್ಲ ಸುತ್ತಿ ಬಂದವರು. 1873ರಲ್ಲಿ ಸಿಂಹಳದ ಪಾಣದುರೆಯಲ್ಲಿ ಬೌದ್ಧ ಭಿಕ್ಷುವಿಗೂ ಕ್ರೈಸ್ತ ಪಾದ್ರಿಗಳಿಗೂ ನಡೆದ ವಾದದ ವರದಿಯನ್ನು ಅವರು ಅಮೆರಿಕದಲ್ಲಿ ಅಚ್ಚು ಹಾಕಿಸಿದ್ದರು. ಅದು ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಕೈಗೆ ಸಿಕ್ಕದ್ದು ಥಿಯಾಸಫಿಯವರು ಪೂರ್ವ ದೇಶಗಳತ್ತ ತಿರುಗಲು ಒಂದು ನೆಪವಾಯಿತು. ಆಲ್ಕಾಟ್ ಮತ್ತು ಆ ಸೊಸೈಟಿಯ ಸಹಸ್ಥಾಪಕಿ ಬ್ಲಾವಟ್‌ಸ್ಕಿ ಮೊದಲು ಭೇಟಿಯಾದದ್ದೂ 1874ರಲ್ಲಿ ವರ್ಮಾಂಟ್‌ನ ಎಡ್ಡಿ ಸೋದರರ ಮನೆಯಲ್ಲಿ, ಆತ್ಮಗಳು ಮೈದಳೆದು ಬರುತ್ತವೆ ಎಂಬ ಸುದ್ದಿ ಕೇಳಿ ಹೋದಾಗ. ಥಿಯಾಸಫಿಯ ಕೇಂದ್ರವಾದ ಅಡ್ಯಾರ್‌ನ ಬೇರೂ ಹೀಗೆ ಈ ಮಣ್ಣಿನಲ್ಲಿ ಒಂದಿಷ್ಟು ಹರಡಿದೆ.

1890ರ ಅಮೆರಿಕದ ಜನಗಣತಿಯಲ್ಲಿ 334 ಸ್ಪಿರಿಚ್ಯುವಲಿಸ್ಟ್ ಸಂಘಗಳೂ 45,030 ಸದಸ್ಯರೂ ಲೆಕ್ಕಕ್ಕೆ ಸಿಕ್ಕಿದ್ದರು. ಸದಸ್ಯತ್ವ ಬರೆಸದೆ ಮನೆಗಳಲ್ಲೇ ಮೇಜಿನ ಸುತ್ತ ಕೂರುತ್ತಿದ್ದವರು ಇದರ ಹೊರಗೆ ಉಳಿದರು. ಹೊಸ ಸಂಘ ಇಟ್ಟುಕೊಂಡ ಗುರಿಗಳಲ್ಲಿ ಪರಲೋಕಕ್ಕಿಂತ ಇಹದ ವ್ಯವಹಾರವೇ ಹೆಚ್ಚು. ಚದುರಿದ ಸಭೆಗಳನ್ನು ಒಂದು ಸೂರಿನಡಿ ತರುವುದು, ನಿಜವಾದ ಮೀಡಿಯಂ ಯಾರು ಢೋಂಗಿ ಯಾರು ಎಂದು ಹೊರಗಿನವರಿಗೆ ಗೊತ್ತಾಗುವಂತೆ ಮಾಡುವುದು, ವಯಸ್ಸಾದ ಮೀಡಿಯಂಗಳ ಹೊಟ್ಟೆಪಾಡು ನೋಡುವುದು, ಪತ್ರಿಕೆಗಳಲ್ಲಿ ಪಾದ್ರಿಗಳು ಮಾಡುವ ಟೀಕೆಗೆ ಉತ್ತರಿಸುವುದು. ಇವೆಲ್ಲಕ್ಕಿಂತ ತುರ್ತಿನದು ಕಾನೂನಿನ ಕಾಟ. ಬಹಳ ರಾಜ್ಯಗಳಲ್ಲಿ ಹಣ ಪಡೆದು ಭವಿಷ್ಯ ಹೇಳುವುದು ಅಪರಾಧವಾಗಿತ್ತು. ಪರವಾನಗಿಯಿಲ್ಲದೆ ರೋಗ ಗುಣಪಡಿಸುತ್ತೇನೆಂದು ಕೈಯಿಡುವುದೂ ಅಪರಾಧವೇ. ನೋಂದಾಯಿತ ಧರ್ಮಸಂಸ್ಥೆಯೊಂದರ ದೀಕ್ಷೆ ಪಡೆದ ಪಾದ್ರಿಯೆಂದರೆ ಪೊಲೀಸರೆದುರು ಹೇಳಿಕೊಳ್ಳಲು ಒಂದು ಮಾತು ಸಿಗುತ್ತಿತ್ತು. ಕೇಂದ್ರ ಕಚೇರಿಯನ್ನು ರಾಜಧಾನಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ತೆರೆದದ್ದರ ಹಿಂದೆಯೂ ಕಾನೂನು ಮಾಡುವವರ ಹತ್ತಿರವಿರುವ ಲೆಕ್ಕ ಇದ್ದಿರಬೇಕು.

ತತ್ತ್ವಗಳನ್ನು ಬರೆದಿಡಲು ಸಂಘ ಆತುರಪಡಲಿಲ್ಲ. 1899ರ ಶಿಕಾಗೋ ಅಧಿವೇಶನದಲ್ಲಿ ಆರು ಘೋಷಣೆಗಳು ಒಪ್ಪಿಗೆ ಪಡೆದವು. ಇನ್ನೆರಡು 1909ರಲ್ಲಿ ರಾಚೆಸ್ಟರಿನಲ್ಲಿ ಸೇರಿದವು, ಒಂಬತ್ತನೆಯದು 1944ರಲ್ಲಿ ಸೇಂಟ್ ಲೂಯಿಯಲ್ಲಿ. ದೇವರೆಂಬ ಪದವನ್ನೇ ಬಳಸದೆ ಅನಂತ ಚೈತನ್ಯ ಅಥವಾ ಅನಂತ ಪ್ರಜ್ಞೆಯೊಂದನ್ನು ಅವು ಮೊದಲಿಗೆ ಒಪ್ಪುತ್ತವೆ. ಪ್ರಕೃತಿಯ ಭೌತಿಕ, ಆತ್ಮಿಕ ವ್ಯಾಪಾರಗಳೆಲ್ಲ ಅದರ ಅಭಿವ್ಯಕ್ತಿ. ಅದನ್ನು ಸರಿಯಾಗಿ ಅರಿತು ಅದರಂತೆ ಬಾಳುವುದೇ ನಿಜವಾದ ಧರ್ಮ. ವ್ಯಕ್ತಿಯ ಗುರುತು ಸಾವಿನಾಚೆಗೂ ಮುಂದುವರಿಯುತ್ತದೆ. ಬೇರೆಯವರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕು. ತನ್ನ ಸುಖದುಃಖಗಳಿಗೆ ಮನುಷ್ಯ ತಾನೇ ಹೊಣೆ. ತಿದ್ದಿಕೊಳ್ಳುವ ಬಾಗಿಲು ಇಲ್ಲಿಯಾಗಲಿ ಅಲ್ಲಿಯಾಗಲಿ ಯಾವ ಜೀವಕ್ಕೂ ಮುಚ್ಚುವುದಿಲ್ಲ. ಇವುಗಳ ನಡುವೆ ಐದನೆಯದು ಬೇರೆ ಜಾತಿಯದು. ಇದು, ಸತ್ತವರೊಡನೆ ಸಂಪರ್ಕ ವಿಜ್ಞಾನದಿಂದ ರುಜುವಾತಾದ ಸಂಗತಿ ಎನ್ನುತ್ತದೆ. ಸಂಘದ ಆತ್ಮವಿಶ್ವಾಸವೆಲ್ಲ ಈ ಒಂದು ವಾಕ್ಯದಲ್ಲಿದೆ, ಅದರ ದೌರ್ಬಲ್ಯವೂ ಇಲ್ಲೇ ಇದೆ. ನಂಬಿಕೆಯನ್ನು ಯಾರೂ ಪ್ರಯೋಗಾಲಯಕ್ಕೆ ಎಳೆಯುವುದಿಲ್ಲ. ಸಂಗತಿ ಎಂದ ಕೂಡಲೇ ಸಾಕ್ಷ್ಯ ಕೇಳುವ ಹಕ್ಕು ಎಲ್ಲರಿಗೂ ಬರುತ್ತದೆ, ಮತ್ತು ವಿಜ್ಞಾನಿಗಳ ಸಮುದಾಯ ಆ ಸಾಕ್ಷ್ಯವನ್ನು ಈವರೆಗೆ ಒಪ್ಪಿಕೊಂಡಿಲ್ಲ.

ಒಂಬತ್ತನೆಯ ಘೋಷಣೆ ಪ್ರವಾದನೆ ಮತ್ತು ರೋಗಶಮನದ ವರಗಳು ಮೀಡಿಯಂಗಳಿಂದ ಸಾಬೀತಾಗಿವೆ ಎನ್ನುತ್ತದೆ. 1944ರ ರೂಪದಲ್ಲಿ ಬೈಬಲ್ಲಿನ ಹೆಸರಿತ್ತು, ಮುಂದೆ ಅದನ್ನು ಕೈಬಿಡಲಾಯಿತು. ತಾವು ಕ್ರೈಸ್ತರೇ, ಅಲ್ಲವೇ ಎಂಬ ಹಳೆಯ ತಕರಾರಿನ ಗುರುತು ಅದು. ಏಸುವನ್ನು ಮಹಾನ್ ಮೀಡಿಯಂ ಎಂದು ಗೌರವಿಸುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವನ ಬಲಿದಾನದಿಂದ ಪಾಪ ತೊಳೆಯುತ್ತದೆ ಎಂಬುದನ್ನು ಮಾತ್ರ ಸಂಘ ಒಪ್ಪದು, ಏಕೆಂದರೆ ಅವರವರ ಹೊಣೆ ಅವರವರದೇ ಎಂಬ ಏಳನೆಯ ಘೋಷಣೆಗೆ ಅದು ವಿರುದ್ಧ. ಕರ್ಮಸಿದ್ಧಾಂತ ಬಲ್ಲ ನಮಗೆ ಇದು ಪರಿಚಿತವೆನಿಸಬಹುದು. ಆದರೆ ಮರುಜನ್ಮದ ಮಾತು ಬಂದರೆ ದಾರಿ ಕವಲೊಡೆಯುತ್ತದೆ. ಫ್ರಾನ್ಸಿನಲ್ಲಿ ಅಲಾನ್ ಕಾರ್ಡೆಕ್ 1857ರಿಂದ ಕಟ್ಟಿದ ಪಂಥ ಪುನರ್ಜನ್ಮವನ್ನು ಮೂಲತತ್ತ್ವವಾಗಿ ಸ್ವೀಕರಿಸಿತು. ಅಮೆರಿಕದ ಸಂಘ ಆತ್ಮದ ಪ್ರಗತಿ ಪರಲೋಕದಲ್ಲೇ ನಡೆಯುತ್ತದೆ ಎಂದು ಪಟ್ಟು ಹಿಡಿಯಿತು. ತಿರುಗಿ ಹುಟ್ಟಿಬಿಟ್ಟ ಅಜ್ಜಿ ಸಂದೇಶ ಕಳಿಸುವುದಾದರೂ ಹೇಗೆ ಎಂಬ ತರ್ಕ ಸುಲಭಕ್ಕೆ ತಳ್ಳುವಂಥದಲ್ಲ. ಲೇಕ್ ಪ್ಲೆಸೆಂಟ್ ಶಿಬಿರದಲ್ಲಿ ಇದೇ ಜಗಳ 1913ರಲ್ಲಿ ಮನೆ ಒಡೆಯಿತು. ಮರುಜನ್ಮ ನಂಬುವವರು ನ್ಯಾಷನಲ್ ಸ್ಪಿರಿಚುಯಲ್ ಅಲಯನ್ಸ್ ಎಂಬ ಬೇರೆ ಸಂಸ್ಥೆ ಕಟ್ಟಿಕೊಂಡರು.

ಶಿಕ್ಷಣದ ಕಥೆಯಲ್ಲಿ ಮಾರಿಸ್ ಪ್ರ್ಯಾಟ್ ಎಂಬ ವಿಸ್ಕಾನ್ಸಿನ್ನಿನ ರೈತ ಬರುತ್ತಾನೆ. ಮೇರಿ ಹೇಯ್ಸ್ ಎಂಬ ಮೀಡಿಯಂ ತೋರಿದ ಕಡೆ ಕಬ್ಬಿಣದ ಗಣಿಗೆ ಹಣ ಹಾಕಿ ದೊಡ್ಡ ಗಂಟು ಮಾಡಿದ ಆತ, ಹರಕೆ ತೀರಿಸುವವನಂತೆ ವೈಟ್‌ವಾಟರ್ ಪಟ್ಟಣದಲ್ಲಿ ಮೂರಂತಸ್ತಿನ ಭವನ ಕಟ್ಟಿಸಿ 1889ರಲ್ಲಿ ಪಂಥಕ್ಕೆ ಅರ್ಪಿಸಿದ. ಊರವರು ಅದಕ್ಕೆ ದೆವ್ವದ ಗುಡಿ ಎಂದು ಅಡ್ಡಹೆಸರಿಟ್ಟರು. 20ನೇ ಶತಮಾನದ ಆರಂಭದಲ್ಲಿ ಅಲ್ಲೇ ಮಾರಿಸ್ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ವ್ಯಾಕರಣ, ತರ್ಕ, ಭಾಷಣಕಲೆ, ಬೈಬಲ್ ವಿಮರ್ಶೆ ಕಲಿಸುತ್ತಿದ್ದರು. ಅರೆನಿದ್ರೆಯಲ್ಲಿ ಆತ್ಮಗಳೇ ಮಾತನಾಡಿಸುತ್ತವೆ ಎನ್ನುವವರಿಗೆ ವ್ಯಾಕರಣ ಪಾಠವೇಕೆ ಎಂದು ಒಳಗಿನವರೇ ಕೆಲವರು ಗೊಣಗಿದರಂತೆ. 1946ರಲ್ಲಿ ಸಂಸ್ಥೆ ಮಿಲ್ವಾಕಿ ಕಡೆಗೆ ಸ್ಥಳಾಂತರವಾಯಿತು. ಅಂಚೆ ಮೂಲಕ ಪಾಠ ಕಳಿಸುವ ಪದ್ಧತಿಯೇ ಅದರ ಮುಖ್ಯ ಕೆಲಸವಾಯಿತು. ಮೀಡಿಯಂ, ರೋಗಶಮನಕಾರ, ಉಪದೇಶಕ, ದೀಕ್ಷೆ ಪಡೆದ ಪಾದ್ರಿ ಹೀಗೆ ಸಂಘ ಕೊಡುವ ಬೇರೆ ಬೇರೆ ಪ್ರಮಾಣಪತ್ರಗಳಿಗೆ ಓದು, ಪರೀಕ್ಷೆ, ತಾವು ಕೊಟ್ಟ ಸಂದೇಶಗಳ ಬಗ್ಗೆ ಇತರರ ಸಾಕ್ಷಿಪತ್ರ ಬೇಕು. ಮಕ್ಕಳಿಗೆಂದು 1863ರಲ್ಲಿ ಡೇವಿಸ್ ಶುರುಮಾಡಿದ ಲೈಸಿಯಂ ಎಂಬ ಭಾನುವಾರದ ಶಾಲೆಯನ್ನೂ ಸಂಘ ಮುಂದುವರಿಸಿತು. ಬಾಯಿಪಾಠಕ್ಕಿಂತ ಪ್ರಶ್ನೋತ್ತರ, ಕವಾಯತು, ಬಾವುಟ ಹಿಡಿದ ಮೆರವಣಿಗೆ ಅಲ್ಲಿ ಹೆಚ್ಚು.

ಸಂಘಕ್ಕೆ ಎದುರಾದ ಅತ್ಯಂತ ಹಟಮಾರಿ ಎದುರಾಳಿ ಜಾದೂಗಾರ ಹ್ಯಾರಿ ಹೂಡಿನಿ. ತೀರಿಹೋದ ತಾಯಿಯ ಮಾತು ಕೇಳಬೇಕೆಂದು ಮೀಡಿಯಂಗಳ ಬಳಿ ಹೋಗಿ ನಿರಾಶನಾದವನು ಅವನು. ಕೈಚಳಕ ಬಲ್ಲವನಾದ್ದರಿಂದ ಅವರ ತಂತ್ರಗಳೆಲ್ಲ ಅವನಿಗೆ ಕಣ್ಣಿಗೆ ಹೊಡೆಯುತ್ತಿದ್ದವು. 1926ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹಣಕ್ಕೆ ಭವಿಷ್ಯ ಹೇಳುವುದನ್ನು ನಿಷೇಧಿಸುವ ಮಸೂದೆ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಬಂದಾಗ ಹೂಡಿನಿ ಸಾಕ್ಷಿ ಹೇಳಿದ, ಸ್ಪಿರಿಚ್ಯುವಲಿಸ್ಟರೂ ಮೀಡಿಯಂಗಳೂ ಕೋಣೆ ತುಂಬ ಸೇರಿ ಕೂಗಾಡಿದರು. ಅವನ ಪರವಾಗಿ ಗುಟ್ಟಾಗಿ ತನಿಖೆ ಮಾಡುತ್ತಿದ್ದ ರೋಸ್ ಮ್ಯಾಕೆನ್‌ಬರ್ಗ್, ವಿಧವೆಯ ವೇಷದಲ್ಲೋ ಹಳ್ಳಿಯ ಹೆಂಗಸಿನ ವೇಷದಲ್ಲೋ ಹೋಗಿ, ದುಡ್ಡು ಕೊಟ್ಟು ಹಲವು ಸಲ ಸ್ಪಿರಿಚ್ಯುವಲಿಸ್ಟ್ ಪಾದ್ರಿಯ ದೀಕ್ಷೆ ಕೊಂಡುತಂದಿದ್ದಳು. ಒಂದರಲ್ಲಿ ಅವಳು ಕೊಟ್ಟ ಹೆಸರು ಫ್ರಾನ್ಸಿಸ್ ರಾಡ್. ಮೊದಲಕ್ಷರದ ಜೊತೆ ಓದಿಕೊಂಡರೆ ಅದು 'ಫ್ರಾಡ್'. ಕೊಟ್ಟವರು ಯಾರೂ ಗಮನಿಸಲಿಲ್ಲ. ಮಸೂದೆ ಪಾಸಾಗಲಿಲ್ಲ. ಆದರೆ ಕಂಡಕಂಡವರಿಗೆ ಪ್ರಮಾಣಪತ್ರ ಹಂಚುವ ಬಿಡಿ ಚರ್ಚುಗಳಿಗೂ ತಮಗೂ ವ್ಯತ್ಯಾಸವಿದೆ ಎಂದು ಹೇಳಿಕೊಳ್ಳುವ ಒತ್ತಡ ರಾಷ್ಟ್ರೀಯ ಸಂಘದ ಮೇಲೆ ಹೆಚ್ಚಿತು. ಕತ್ತಲೆ ಕೋಣೆಯ ಪ್ರದರ್ಶನಗಳು ಕ್ರಮೇಣ ಹಿಂದೆ ಸರಿದು, ಬೆಳಕಿನಲ್ಲಿ ಬಾಯಿಮಾತಿನಿಂದ ಕೊಡುವ ಸಂದೇಶ ಮತ್ತು ಕೈಯಿಟ್ಟು ಮಾಡುವ ರೋಗಶಮನವೇ ಸೇವೆಯ ಮುಖ್ಯ ಅಂಗವಾದವು.

ಸಂಘದ ಚರಿತ್ರೆಯಲ್ಲಿ ತೀರ ಕಹಿಯಾದ ಘಟ್ಟ 1920ರ ದಶಕದ್ದು. ಗುಲಾಮಗಿರಿಯ ವಿರುದ್ಧ ಹೋರಾಡಿದವರ ಮನೆಗಳಲ್ಲಿ ಬೆಳೆದ ಪಂಥದಲ್ಲೇ ಕಪ್ಪು ಜನಾಂಗದ ಸದಸ್ಯರು ಬೇರೆಯಾಗಿ ನ್ಯಾಷನಲ್ ಕಲರ್ಡ್ ಸ್ಪಿರಿಚ್ಯುವಲಿಸ್ಟ್ ಅಸೋಸಿಯೇಷನ್ ಕಟ್ಟಿಕೊಳ್ಳಬೇಕಾಯಿತು. ಆತ್ಮಕ್ಕೆ ಬಣ್ಣವಿಲ್ಲ ಎಂದವರು ಬೆಂಚಿಗೆ ಬಣ್ಣ ನೋಡಿದರು. ಅದೇ ಕಾಲದ ದಕ್ಷಿಣ ನಗರಗಳಲ್ಲಿ ಕಪ್ಪು ಜನರ ಸ್ಪಿರಿಚುಯಲ್ ಚರ್ಚುಗಳು ತಮ್ಮದೇ ಹಾಡು, ಕುಣಿತಗಳೊಂದಿಗೆ ಬೇರೆ ದಿಕ್ಕಿನಲ್ಲಿ ಬೆಳೆದವು.

ಸಂಘದ ಲಾಂಛನ ಸೂರ್ಯಕಾಂತಿ ಹೂವು. ರಾಜ್ಯ ಸಂಘಗಳು, ಶಿಬಿರಗಳು ಹಾಗೂ ಚರ್ಚುಗಳು ಸನ್ನದು ಪಡೆದು ಸೇರಿಕೊಳ್ಳುತ್ತವೆ, ಪ್ರತಿನಿಧಿಗಳನ್ನು ಕಳಿಸಿ ವಾರ್ಷಿಕ ಅಧಿವೇಶನದಲ್ಲಿ ಪದಾಧಿಕಾರಿಗಳನ್ನು ಆರಿಸುತ್ತವೆ. ಮಾರ್ಚ್ 31ನ್ನು ಎಲ್ಲ ಕಡೆ ಪಂಥದ ಹುಟ್ಟುಹಬ್ಬವಾಗಿ ಆಚರಿಸುತ್ತಾರೆ. ಹೈಡ್ಸ್‌ವಿಲ್‌ನ ಮನೆಯನ್ನು 1916ರಲ್ಲಿ ಬಿಚ್ಚಿ ತಂದು ಲಿಲಿ ಡೇಲ್‌ನಲ್ಲಿ ನಿಲ್ಲಿಸಲಾಗಿತ್ತು. 1955ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ತಿರುಗು ವ್ಯಾಪಾರಿಯದೆಂದು ಹೇಳುವ ತಗಡಿನ ಪೆಟ್ಟಿಗೆ ಅಲ್ಲಿನ ಮ್ಯೂಸಿಯಂನಲ್ಲಿದೆ. ಸೂಸನ್ ಆಂಟನಿ ಮಹಿಳಾ ಮತದಾನದ ಹಕ್ಕಿನ ಪರವಾಗಿ 1890ರ ದಶಕದಲ್ಲಿ ಭಾಷಣ ಮಾಡಿದ್ದೂ ಇದೇ ಶಿಬಿರದಲ್ಲಿ. ಬೇಸಿಗೆಯಲ್ಲಿ ಇಂದಿಗೂ ಲಿಯೊಲಿನ್ ಕಾಡಿನ ನಡುವೆ, 'ಇನ್‌ಸ್ಪಿರೇಷನ್ ಸ್ಟಂಪ್' ಎಂಬ ಮರದ ಬೊಡ್ಡೆಯೆದುರು ಬೆಂಚುಗಳಲ್ಲಿ ಜನ ಕೂರುತ್ತಾರೆ. ಮೀಡಿಯಂ ಒಬ್ಬರತ್ತ ಬೆರಳು ಮಾಡಿ, ನಿಮ್ಮ ಬಳಿ ಬರಲೇ ಎಂದು ಅನುಮತಿ ಕೇಳುತ್ತಾರೆ. ಕೂತವರು ಬಾಯಿಬಿಟ್ಟು ಹೂಂ ಎನ್ನಬೇಕು, ದನಿ ಕೇಳಿಸಬೇಕು. ತಂದೆಯ ಕಡೆಯ ಒಬ್ಬ ಹಿರಿಯರು, ಎದೆನೋವಿನಿಂದ ಹೋದವರು, ಉಂಗುರವೊಂದರ ಮಾತಾಡುತ್ತಿದ್ದಾರೆ ಎಂಬ ಧಾಟಿಯಲ್ಲಿ ಒಂದೆರಡು ನಿಮಿಷ ಹೇಳಿ ಮುಂದಿನವರ ಕಡೆ ತಿರುಗುತ್ತಾರೆ. ಇಂಥ ಮಾತು ಎಷ್ಟು ಮನೆಗಳಿಗೆ ಹೊಂದೀತು ಎಂದು ಲೆಕ್ಕ ಹಾಕುವವರಿಗೆ ಉತ್ತರ ಸುಲಭ. ಲಿಲಿ ಡೇಲ್‌ನಲ್ಲಿ ಮನೆ ಮುಂದೆ ಬೋರ್ಡು ಹಾಕಿ ಖಾಸಗಿಯಾಗಿ ಕೂರಬೇಕಾದರೆ ಮೀಡಿಯಂ ಶಿಬಿರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು.

ಬ್ರಿಟನ್ನಿನ ಸೋದರ ಸಂಸ್ಥೆ ಸ್ಪಿರಿಚ್ಯುವಲಿಸ್ಟ್ಸ್ ನ್ಯಾಷನಲ್ ಯೂನಿಯನ್. 1890ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೇರಿದ ಒಕ್ಕೂಟದಿಂದ ಬೆಳೆದು 1901ರಲ್ಲಿ ನೋಂದಣಿಯಾದ ಅದು, ಅಮೆರಿಕದಲ್ಲೂ ಹೆಸರು ಮಾಡಿದ್ದ ಎಮ್ಮಾ ಹಾರ್ಡಿಂಜ್ ಬ್ರಿಟನ್ ರೂಪಿಸಿದ ಏಳು ತತ್ತ್ವಗಳನ್ನು ಅನುಸರಿಸುತ್ತದೆ. ಅಲ್ಲಿ ಹಳೆಯ ಮಾಟಮಂತ್ರ ಕಾಯ್ದೆಯಡಿ 1944ರಲ್ಲಿ ಹೆಲೆನ್ ಡಂಕನ್ ಎಂಬ ಮೀಡಿಯಂ ಜೈಲಿಗೆ ಹೋದ ಮೇಲೆ ಪಂಥದವರು ಪಟ್ಟುಹಿಡಿದು, 1951ರ ಹೊಸ ಕಾಯ್ದೆಯಲ್ಲಿ ಬೇಕೆಂದೇ ಮೋಸ ಮಾಡುವವರಿಗಷ್ಟೇ ಶಿಕ್ಷೆ ಎಂಬ ವ್ಯತ್ಯಾಸವನ್ನು ಪಡೆದುಕೊಂಡರು. ಅಮೆರಿಕದಲ್ಲಿ ಇಂಥ ಒಂದೇ ರಾಷ್ಟ್ರೀಯ ಕಾನೂನು ಬರಲಿಲ್ಲ. ಭವಿಷ್ಯ ಹೇಳುವುದರ ಮೇಲಿನ ನಿಯಮಗಳು ರಾಜ್ಯಕ್ಕೊಂದು, ಊರಿಗೊಂದು ತೆರನಾಗಿಯೇ ಉಳಿದವು. ಆದ್ದರಿಂದ ಸಂಘದ ಸನ್ನದಿಗೂ ದೀಕ್ಷಾಪತ್ರಕ್ಕೂ ಅಲ್ಲಿನ ಮೀಡಿಯಂಗಳು ಕೊಡುವ ಬೆಲೆ ಇಳಿಯಲಿಲ್ಲ.